ಬೆನ್ನಿಗೆ ಗಾಳಿ, ಎಡಕ್ಕೆ ಅಡುಗೆಮನೆ

ಆ ವರ್ಷ ರಾಜಧಾನಿಯ ಕಿದ್ವಾಯಿ ನಗರದ ನಮ್ಮ ಸಾಲಿನ ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಪರೀಕ್ಷೆಗೆ ಓದುತ್ತಿದ್ದವರಲ್ಲಿ ನಾನೇ ಹಿರಿಯಳು. ಎದುರು ಮನೆಯವಳದ್ದು ಹತ್ತನೇ ತರಗತಿ, ಪಕ್ಕದ ಮನೆಯವಳದ್ದು ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ, ನನ್ನದು ವಿಮಾನ. ನ್ಯೂಜಿಲೆಂಡಿನಲ್ಲಿ ತರಬೇತಿ ಪಡೆದು, ಅಲ್ಲಿಯೇ ಒಂದು ಸಣ್ಣ ಕಂಪನಿಯಲ್ಲಿ ಕೆಲವು ವರ್ಷ ಪ್ರಯಾಣಿಕರನ್ನು ಹೊತ್ತು ಹಾರಾಡಿ ಬಂದಿದ್ದೆ. ಆದರೆ ಅಲ್ಲಿಯ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ಗಾಳಿಪಟವನ್ನೂ ಹಾರಿಸುವಂತಿರಲಿಲ್ಲ. ಅದನ್ನು ಭಾರತದ ಲೈಸೆನ್ಸ್ ಆಗಿ ಬದಲಾಯಿಸಿಕೊಳ್ಳಬೇಕಾದರೆ ಇಲ್ಲಿಯ ಲಿಖಿತ ಪರೀಕ್ಷೆಗಳನ್ನು ಹೊಸದಾಗಿ ಬರೆಯಬೇಕಿತ್ತು.

ನಿಯಮಗಳ ಪತ್ರಿಕೆ, ದಿಕ್ಕು ದೂರಗಳ ಲೆಕ್ಕದ ಪತ್ರಿಕೆ ಎರಡೂ ಮೊದಲ ಸಲವೇ ಆದವು. ಹವಾಮಾನದಲ್ಲಿ ಫೇಲಾದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ನಿಜವಾದ ಮೋಡದೊಳಗೆ ನುಗ್ಗಿ ಹೊರಬಂದವಳು, ಮೋಡದ ಪ್ರಶ್ನೆಪತ್ರಿಕೆಯಲ್ಲಿ ಬಿದ್ದೆ. ಆಗ ಹೊಸ ವಿಮಾನ ಕಂಪನಿಗಳು ಒಂದರ ಹಿಂದೊಂದು ಹುಟ್ಟುತ್ತಿದ್ದವು. ಗುಡಗಾಂವಿನ ಅಂಥದೊಂದು ಕಂಪನಿ ನನ್ನ ಸಂದರ್ಶನ ಮಾಡಿ, ಮುಂದಿನ ಫಲಿತಾಂಶದವರೆಗೆ ಮಾತ್ರ ಜಾಗ ಹಿಡಿದಿಡುವುದಾಗಿ ಹೇಳಿತ್ತು. ನ್ಯೂಜಿಲೆಂಡಿನ ಕೆಲಸ ಬಿಟ್ಟು ಬಂದಾಗಿತ್ತು. ಹವಾಮಾನ ಇನ್ನೊಮ್ಮೆ ಕೈಕೊಟ್ಟರೆ ಅದೂ ಇಲ್ಲ, ಇದೂ ಇಲ್ಲ.

ಅಪ್ಪ ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಅಧಿಕಾರಿ. ಗುಮಾಸ್ತರಾಗಿ ಸೇರಿ, ಇಲಾಖಾ ಪರೀಕ್ಷೆಗಳನ್ನು ಒಂದೊಂದಾಗಿ ಬರೆದು ಮೇಲೆ ಬಂದವರು. ಅವರ ದೃಷ್ಟಿಯಲ್ಲಿ ಮನುಷ್ಯರು ಎರಡೇ ಬಗೆ: ಪಾಸಾದವರು, ಇನ್ನೂ ಆಗದವರು.

“ಅಲ್ಲಿ ಹಾರಿಸಿದ್ದೀನಲ್ಲ ಅಪ್ಪ,” ಎಂದು ಒಮ್ಮೆ ರೇಗಿದ್ದೆ.

“ಹಾರಿಸಿದ್ದೀಯಮ್ಮ, ಯಾರು ಇಲ್ಲ ಅಂದ್ರು? ಆದ್ರೆ ಫೈಲಲ್ಲಿ ಇಲ್ವಲ್ಲ.”

ಊರಿನ ಇನ್ನೊಂದು ತುದಿಯ ದ್ವಾರಕಾದಲ್ಲಿ ಪೈಲಟ್ ಪರೀಕ್ಷೆಗಳ ಕೋಚಿಂಗ್ ಇತ್ತು. ನಾನು ಹೋಗಲಿಲ್ಲ. ಕ್ಲಾಸು ಕಳಪೆ, ದೂರ ಜಾಸ್ತಿ ಎಂದು ಆಗ ಎಲ್ಲರಿಗೂ ಹೇಳಿದ್ದೆ. ಈಗ ಯೋಚಿಸಿದರೆ, ಮೀಸೆ ಚಿಗುರುತ್ತಿದ್ದ ಹುಡುಗರ ನಡುವೆ ಬೆಂಚಿನ ಮೇಲೆ ಕೂರಲು ನಾಚಿಕೆಯಾಗಿತ್ತು ಅನಿಸುತ್ತದೆ. ಎರಡರಲ್ಲಿ ಯಾವುದು ಆಗಿನ ಕಾರಣ, ಯಾವುದು ಈಗ ಹೊಳೆದದ್ದು ಎಂದು ಖಚಿತವಾಗಿ ಹೇಳಲಾರೆ. ಅಂತೂ ಮನೆಯಲ್ಲೇ, ನಾನೇ ಓದಿಕೊಳ್ಳುವುದೆಂದಾಯಿತು. ಅಮ್ಮ ತರಕಾರಿಯವನ ಹತ್ತಿರ ಹೆಮ್ಮೆಯಿಂದ, “ಭಯ್ಯಾ, ನನ್ನ ಮಗಳು ಹವಾಯಿ ಜಹಾಜ್ ಚಲಾತಿ ಹೈ, ವಿಮಾನ!” ಎಂದರೆ, ಅವನು ಬಾಗಿಲ ಸಂದಿಯಿಂದ ನನ್ನ ನೈಟಿಯನ್ನೂ ಪುಸ್ತಕವನ್ನೂ ನೋಡಿ, “ಅಚ್ಛಾ? ಹಾಗಿದ್ರೆ ಮನೇಲಿ ಯಾಕೆ?” ಎಂಬ ಅರ್ಥದಲ್ಲಿ ಹುಬ್ಬು ಹಾರಿಸುತ್ತಿದ್ದ. ಅವನ ಸಂಶಯ ನ್ಯಾಯವಾಗಿಯೇ ಇತ್ತು.

ಅಪ್ಪ ಆಫೀಸಿನಿಂದ ಬಂದು, ಕಾಫಿ ಕುಡಿದು, ಮಾದರಿ ಪ್ರಶ್ನೆಗಳ ಪುಸ್ತಕ ಹಿಡಿದು ಕೂರುವರು. ಅವರಿಗೆ ಹವಾಮಾನದ ಗಂಧವಿಲ್ಲ. ಹಿಂದಿನ ಪುಟದಲ್ಲಿದ್ದ ಸರಿಯುತ್ತರಗಳನ್ನು ಬೆರಳಿಟ್ಟು ನೋಡುತ್ತ, ಇಲಾಖೆಯ ಉತ್ತರಪತ್ರಿಕೆ ತಿದ್ದುವ ಗತ್ತಿನಲ್ಲಿ ಪ್ರಶ್ನೆ ಓದುವರು. ಹೀಗೇ ಒಂದು ಸಂಜೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ನಿನ್ನ ತಪ್ಪೆಲ್ಲಾ ಒಂದೇ ಥರ ಇದೆಯಲ್ಲೇ. ಎಡ ಅಂತಿರೋ ಕಡೆ ಬಲ, ಬಲ ಅಂತಿರೋ ಕಡೆ ಎಡ. ದಡ್ಡರ ತಪ್ಪು ಹೀಗಿರಲ್ಲ. ಯಾರದ್ದೋ ನೋಡಿ ಬರೆದವರದ್ದು ಹೀಗಿರುತ್ತೆ.”

ಪುಸ್ತಕ ಕಿತ್ತುಕೊಂಡು ನೋಡಿದೆ. ನಿಜ. ಬೀಸುವ ಗಾಳಿಗೆ ಬೆನ್ನು ಮಾಡಿ ನಿಂತರೆ, ಭೂಮಧ್ಯರೇಖೆಯ ಉತ್ತರದಲ್ಲಿರುವವರಿಗೆ ಕಡಿಮೆ ಒತ್ತಡದ ಪ್ರದೇಶ ಎಡಗಡೆ ಇರುತ್ತದೆ, ನ್ಯೂಜಿಲೆಂಡಿನಂತೆ ದಕ್ಷಿಣದಲ್ಲಿರುವವರಿಗೆ ಬಲಗಡೆ. ಕೆಟ್ಟ ಹವೆ ಎಲ್ಲಿ ಕಾದಿದೆ ಎಂದು ಪೈಲಟ್ ಊಹಿಸುವುದೇ ಹೀಗೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಕೇಳಿದರೆ ಸೂತ್ರಸಮೇತ ಬಿಡಿಸಿ ತೋರಿಸುತ್ತಿದ್ದೆ. ಆದರೆ ವರ್ಷಗಟ್ಟಲೆ ಬಲಕ್ಕೆ ಹೊರಳಿ ಹೊರಳಿ ಪಳಗಿದ ಕುತ್ತಿಗೆಗೆ ಅದು ಗೊತ್ತಿರಲಿಲ್ಲ. ಅವಸರದಲ್ಲಿ ಉತ್ತರ ಗುರುತು ಹಾಕುತ್ತಿದ್ದದ್ದು ಕುತ್ತಿಗೆಯೇ.

“ಅಲ್ಲಿ ಗಾಳೀನೂ ಉಲ್ಟಾನಾ?” ಅಮ್ಮ ಅಡುಗೆಮನೆಯಿಂದ ಕೇಳಿದರು.

“ಉಲ್ಟಾ ಅಲ್ಲಮ್ಮ. ಅವರಿಗೆ ನಮ್ಮದು ಉಲ್ಟಾ.”

“ನಾಲ್ಕು ವರ್ಷ ಇದ್ದು ಬಂದ್ರೆ ಸಾಕು, ನಮ್ಮದೇ ಉಲ್ಟಾ ಅನ್ನೋಕೆ ಶುರು ಮಾಡ್ತಾರೆ.”

ಕುತ್ತಿಗೆಯ ಹಳೆಯ ಅಭ್ಯಾಸ ಬಿಡಿಸಲು ಅಪ್ಪ ಕವಾಯತು ಶುರು ಮಾಡಿದರು. ಬೇಸಿಗೆಯಲ್ಲಿ ತಣ್ಣನೆ ಗಾಳಿ ಊದುವ ನಮ್ಮ ಕೂಲರನ್ನು ಹಾಲ್‌ನ ಕಿಟಕಿಗೆ ಜೋಡಿಸಿತ್ತು. ಅದಕ್ಕೆ ಬೆನ್ನು ಮಾಡಿ ನಾನು ನಿಲ್ಲಬೇಕು, ಎಡಗೈ ಚಾಚಬೇಕು, ಕೈ ಎಲ್ಲಿ ತೋರಿಸುತ್ತದೋ ಅಲ್ಲಿ ಕಡಿಮೆ ಒತ್ತಡ. ಎಡಕ್ಕೆ ಅಡುಗೆಮನೆಯ ಬಾಗಿಲು, ಬಲಕ್ಕೆ ಅಪ್ಪನ ಕುರ್ಚಿ.

“ಕಡಿಮೆ ಒತ್ತಡ ಎಲ್ಲಿ?”

“ಅಡುಗೆಮನೆ.”

“ಸರಿ.”

“ಏನ್ ಸರಿ?” ಅಮ್ಮ ಸೌಟು ಹಿಡಿದೇ ಹೊರಗೆ ಬಂದರು. “ಹಬ್ಬದ ದಿನ ಬಂದು ಒಲೆ ಮುಂದೆ ನಿಂತ್ಕೊಳ್ಳಿ, ಕಡಿಮೆಯೋ ಜಾಸ್ತಿಯೋ ನೋಡೋಣ. ಇವಳು ಮೊದಲು ಬಲ ಅಂತಿದ್ದದ್ದೇ ಸರಿ, ಕುರ್ಚಿ ಕಡೇನೇ ಕಡಿಮೆ.”

“ಅಮ್ಮಾ, ಅಲ್ಲಿಯ ಉತ್ತರ ನೆನಪಿಸಬೇಡ!”

ಇದನ್ನು ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಇತ್ತೀಚೆಗೆ ಅಮ್ಮ ಇಡೀ ಪ್ರಸಂಗಕ್ಕೇ ತಕರಾರು ತೆಗೆದರು. ಆ ಬೇಸಿಗೆಯಲ್ಲಿ ಕೂಲರ್ ಕೆಟ್ಟಿತ್ತಂತೆ, ನಿಂತದ್ದು ಟೇಬಲ್ ಫ್ಯಾನ್ ಮುಂದೆಯಂತೆ. ಆದರೆ ಫ್ಯಾನ್ ಯಾವಾಗಲೂ ಇರುತ್ತಿದ್ದದ್ದು ಅಪ್ಪನ ಕುರ್ಚಿಯ ಪಕ್ಕ. ಅದಕ್ಕೆ ಬೆನ್ನು ಮಾಡಿದರೆ ಎಡಗೈಗೆ ಸಿಗುವುದು ಕಿಟಕಿಯೇ ಹೊರತು ಅಡುಗೆಮನೆಯಲ್ಲ. ಅಮ್ಮನ ಸೌಟು ನನಗೆ ಸ್ಪಷ್ಟವಾಗಿ ನೆನಪಿದೆ, ಆದ್ದರಿಂದ ಅದು ಕೂಲರೇ. ಹೀಗೆ ವಾದಿಸಿದೆ. ಸೌಟು ಇತ್ತು ಎಂಬುದಕ್ಕೇನು ಸಾಕ್ಷಿ ಎಂದು ಅಮ್ಮ ಕೇಳಲಿಲ್ಲ, ಪುಣ್ಯ.

ಪರೀಕ್ಷೆಯ ದಿನ ಹಾಲ್‌ನಲ್ಲಿ ಹತ್ತಿಪ್ಪತ್ತು ಪ್ರಶ್ನೆಗಳವರೆಗೆ ಎಲ್ಲ ನೆಟ್ಟಗೆ ನಡೆಯಿತು. ಆಮೇಲೆ ಅದು ಬಂತು: ಉತ್ತರಾರ್ಧಗೋಳದಲ್ಲಿ ಹಾರುತ್ತಿರುವ ವಿಮಾನವನ್ನು ಗಾಳಿ ಬಲಕ್ಕೆ ತಳ್ಳುತ್ತಿದೆ; ಮುಂದೆ ಇರುವುದು ಹೆಚ್ಚಿನ ಒತ್ತಡವೋ ಕಡಿಮೆಯೋ? ಬಲಕ್ಕೆ ತಳ್ಳುತ್ತಿದೆಯೆಂದರೆ ಗಾಳಿ ಎಡದಿಂದ ಬರುತ್ತಿದೆ. ಗಾಳಿಗೆ ಬೆನ್ನು ಮಾಡಬೇಕು. ತಲೆಯಲ್ಲೇ ಮಾಡಬಹುದಿತ್ತು. ಆದರೆ ಕುತ್ತಿಗೆಯ ಮೇಲೆ ನಂಬಿಕೆ ಹೊರಟುಹೋಗಿತ್ತು. ಕುರ್ಚಿಯಲ್ಲೇ ಬಲಕ್ಕೆ ತಿರುಗಿ, ಎಡಗೈಯನ್ನು ಸ್ವಲ್ಪವೇ ಚಾಚಿದೆ.

ಬಲಗಡೆ ಕೂತಿದ್ದ ಹುಡುಗ ಗಾಬರಿಯಿಂದ ತನ್ನ ಉತ್ತರಪತ್ರಿಕೆಯ ಮೇಲೆ ಮೊಣಕೈ ಹಾಕಿದ. ನನ್ನ ಎಡಗೈ ನೇರವಾಗಿ ಮುಂದೆ ನಿಂತಿದ್ದ ಮೇಲ್ವಿಚಾರಕರ ಹೊಟ್ಟೆಯತ್ತ ಚಾಚಿತ್ತು.

“ಮೇಡಮ್, ಕ್ಯಾ ಚಾಹಿಯೇ?” ಏನು ಬೇಕೆಂದು ಕೇಳಿದರು.

“ಕುಛ್ ನಹೀಂ ಸರ್.”

“ಫಿರ್ ಉಸ್ಕೇ ಪೇಪರ್ ಮೇ ಕ್ಯಾ ದೇಖ್ ರಹೀ ಥೀ?”

ಪಕ್ಕದವನ ಪತ್ರಿಕೆಯಲ್ಲಿ ಏನು ನೋಡುತ್ತಿದ್ದೆ ಎಂಬ ಆ ಪ್ರಶ್ನೆಗೆ ಹಾಲ್ ಪೂರ್ತಿ ತಲೆಯೆತ್ತಿತು. ಪತ್ರಿಕೆ ಕಿತ್ತುಕೊಂಡರೆ ಕಥೆ ಮುಗಿಯಿತು. ಈ ಪರೀಕ್ಷೆ ಹೋಯಿತು, ಗುಡಗಾಂವ್ ಹೋಯಿತು. “ಗಾಳಿ ನೋಡ್ತಿದ್ದೆ,” ಎಂದು ಹಿಂದಿಯಲ್ಲಿ ಹೇಳಿದೆ. ಅವರು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದರು, ನನ್ನನ್ನು ನೋಡಿದರು. ನನ್ನ ವಯಸ್ಸು ನೋಡಿ ಕನಿಕರ ಬಂತೋ, ಇಂಥ ಸುಳ್ಳನ್ನು ಯಾರೂ ಕಟ್ಟಲಾರರು ಅನಿಸಿತೋ, ಮುಂದಿನ ಸಾಲಿನ ಒಂಟಿ ಮೇಜು ತೋರಿಸಿ, “ಚಲೋ, ಅಲ್ಲಿ ಕೂತ್ಕೊಳ್ಳಿ,” ಎಂಬಂತೆ ಕೈ ಬೀಸಿದರು.

ಹೊಸ ಜಾಗದಲ್ಲಿ ಕೂತು, ಅವಸರದಲ್ಲಿ ಉಳಿದದ್ದನ್ನೆಲ್ಲ ಮುಗಿಸಿದೆ. ಆ ಪ್ರಶ್ನೆಗೆ ಏನು ಗುರುತು ಹಾಕಿದೆನೋ ಗೊತ್ತಿಲ್ಲ. ‘ಕಡಿಮೆ’ ಎಂದೇ ಹಾಕಿದ್ದೆನೆಂದು ಅನೇಕ ವರ್ಷ ಹೇಳಿಕೊಂಡು ಬಂದಿದ್ದೇನೆ. ಮನೆಗೆ ಬಂದ ದಿನವೇ ಅಪ್ಪನಿಗೂ ಹಾಗೇ ಹೇಳಿದ್ದೆ. ಅವರ ಮುಖ ನೋಡಿ ಬೇರೆ ಏನೂ ಹೇಳಲು ಬಾಯಿ ಬಂದಿರಲಿಲ್ಲ.

ಫಲಿತಾಂಶದ ಪಟ್ಟಿಯನ್ನು ವಿಮಾನಯಾನ ಇಲಾಖೆಯ ಕಚೇರಿಯ ಗೋಡೆಗೆ ಅಂಟಿಸುತ್ತಿದ್ದರು, ನಮ್ಮ ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ನಾನು ಹೋಗುವಷ್ಟರಲ್ಲಿ ಅಪ್ಪ ಊಟದ ಬಿಡುವಿನಲ್ಲಿ ಬಂದು, ನೋಡಿ, ಗೇಟಿನ ಹತ್ತಿರ ನಿಂತಿದ್ದರು.

“ಆಗಿದೆ,” ಎಂದರು. ನಾನು ಒಳಗೆ ಹೊರಟಾಗ ತಡೆಯಲಿಲ್ಲ. “ನೋಡ್ಕೊಂಡು ಬಾ. ನಾನು ಎರಡು ಸಲ ನೋಡಿದೆ. ನೀನೂ ಒಂದು ಸಲ ನೋಡು.”

ಗುಡಗಾಂವಿಗೆ ಫೋನು ಮಾಡಿದೆ. ಜಾಗ ಇನ್ನೂ ಇತ್ತು. ಅಂಕಪಟ್ಟಿ ಬಂದೊಡನೆ, ಗೆಜೆಟೆಡ್ ಅಧಿಕಾರಿಯ ಸಹಿ ಮತ್ತು ಸೀಲ್ ಇರುವ ಎರಡು ಪ್ರತಿ ತನ್ನಿ ಎಂದರು. ಅಂಕಪಟ್ಟಿ ಬಂದ ಸಂಜೆ ಜೆರಾಕ್ಸ್ ಪ್ರತಿಗಳನ್ನು ಅಪ್ಪನ ಮುಂದಿಟ್ಟೆ. ಗೆಜೆಟೆಡ್ ಅಧಿಕಾರಿ ಮನೆಯಲ್ಲೇ ಇರುವಾಗ ಇನ್ನೇನು?

“ನಾನು ಹಾಕೋ ಹಾಗಿಲ್ಲ,” ಎಂದರು ಅಪ್ಪ. “ಸ್ವಂತ ಮಗಳದ್ದು.”

“ಯಾರಿಗೆ ಗೊತ್ತಾಗುತ್ತೆ? ನಾಳೆ ಬೆಳಗ್ಗೇನೇ ಕೊಡಬೇಕು ಅಪ್ಪ.”

“ಹೆಸರಿನ ಮುಂದೆ ನನ್ನ ಇನಿಷಿಯಲ್ಲೇ ಇದೆ. ನಾಳೆ ಇದರಿಂದ ನಿನ್ನ ಕೆಲಸಕ್ಕೆ ತೊಂದ್ರೆ ಆದ್ರೆ?”

ಒಗೆದಿಟ್ಟ ಶರ್ಟು ಹಾಕಿಕೊಂಡು, ತಲೆ ಬಾಚಿ, ಪ್ರತಿಗಳನ್ನು ಎತ್ತಿಕೊಂಡು ಮಹಡಿಯ ಮೇಲಿನ ಮನೆಯ ಪಂಜಾಬಿ ಅಧಿಕಾರಿಯ ಬಾಗಿಲು ಬಡಿದರು. ಸಹಿಗೆ ಅರೆ ನಿಮಿಷ ಸಾಕು. ಅವರು ಇಳಿಯಲೇ ಇಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಕಿವಿಗೊಟ್ಟರೆ ಚಹಾದ ಲೋಟಗಳ ಸದ್ದು, ಅಪ್ಪನ ಆಫೀಸಿನ ಹಿಂದಿ. ಗಾಳಿಗೆ ಬೆನ್ನು ಮಾಡುವುದನ್ನು ಅವರಿಗೂ ವಿವರಿಸುತ್ತಿದ್ದರು. ಕುರ್ಚಿ ಎಳೆದ ಸದ್ದಾಯಿತು. ಆ ಅಧಿಕಾರಿಯನ್ನೂ ಎಬ್ಬಿಸಿ ನಿಲ್ಲಿಸಿದ್ದಿರಬೇಕು.

ಕೊನೆಗೆ ಇಳಿದು ಬಂದರು. ಒಂದು ಪ್ರತಿಯ ಮೇಲೆ ನೇರಳೆ ಸೀಲು, ಸಹಿ. ಇನ್ನೊಂದು ಖಾಲಿ.

“ಎರಡಕ್ಕೂ ಹಾಕಿಸ್ಕೊಂಡು ಬರಬಾರದಿತ್ತಾ?” ಎಂದರು ಅಮ್ಮ. “ಒಬ್ಬರೇ ಎರಡಕ್ಕೂ ಹಾಕಬಹುದಲ್ವಾ?”

“ಹಾಕಬಹುದು,” ಎಂದು ಅಪ್ಪ ಖಾಲಿ ಪ್ರತಿಯನ್ನು ಸುಕ್ಕಾಗದಂತೆ ಹಿಡಿದುಕೊಂಡರು. “ಹಿಂದಿನ ಬ್ಲಾಕಿನಲ್ಲಿ ನಮ್ಮ ಡೈರೆಕ್ಟರ್ ಇದ್ದಾರಲ್ಲ, ಇದಕ್ಕೆ ಅವರದ್ದಿರಲಿ,” ಎನ್ನುತ್ತ ಮತ್ತೆ ಚಪ್ಪಲಿ ಮೆಟ್ಟಿದರು.