ಟರ್ಮಿನಲ್ ಹಾಕಿದ ನೂರಾ ತೊಂಬತ್ತೊಂದು ಅರ್ಜಿ

ಭೀಮರಾಯನಗುಡಿಯ ಕಾಲುವೆ ಕಚೇರಿಗೆ ಕಂಪ್ಯೂಟರಿನ ಟರ್ಮಿನಲ್ ಬಂದದ್ದು ತೊಂಬತ್ತೊಂದನೇ ಇಸವಿಯಲ್ಲಿ, ಸಿಮೆಂಟು ಹೇರುವ ಲಾರಿಯಲ್ಲಿ. ಬೇರೆ ಯಾವುದೋ ಕಚೇರಿಯವರು ಸಾಕಾಗಿ ಬಿಟ್ಟುಕೊಟ್ಟ ಮಾಲು. ಹಸಿರು ಪರದೆ, ಮೂಲೆ ಒಡೆದ ಕೀಲಿಮಣೆ. ಅದರ ಮೆದುಳು ಪಕ್ಕದ ಕೋಣೆಯಲ್ಲಿ, ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಲ್ಲಿತ್ತು. ಇದರ ಮುಂದೆ ಯಾರು ಕೂರಬೇಕು ಎಂದಾಗ ಇಡೀ ಕಚೇರಿ ಒಂದೇ ಕಡೆ ಬೆರಳು ತೋರಿಸಿತು. ಟೈಪಿಸ್ಟ್ ಬಾಷುಮಿಯಾ!

"ಟೈಪ್‌ರೈಟರಿಗೂ ಗುಂಡಿ ಅದಾವ, ಇದಕ್ಕೂ ಗುಂಡಿ ಅದಾವ. ಮತ್ತೇನದರಿ ಅದರಾಗ?" ಎಂದರು ಸೂಪರಿಂಟೆಂಡೆಂಟ್ ಮರಿಲಿಂಗಪ್ಪ. ಅವರಿಗೇನು, ಹೇಳಿದವರೇ ಚಹಾಕ್ಕೆ ಎದ್ದು ಹೋದರು.

ಬಾಷುಮಿಯಾ ಒಲ್ಲೆ ಎನ್ನಬಹುದಿತ್ತು. ಎನ್ನಲಿಲ್ಲ. ಕಾರಣ ಅವನ ಅಡುಗೆಮನೆಯ ನಲ್ಲಿ. ತಮ್ಮೂರು ಗೋಗಿಯಲ್ಲಿ ಇಪ್ಪತ್ತು ವರ್ಷ ಕೊಡ ಹೊತ್ತ ಹೆಂಡತಿ ಖುರ್ಷೀದಬೇಗಂ, ಕಾಲುವೆ ಕ್ಯಾಂಪಿನ ಕ್ವಾರ್ಟರ್ಸ್ ಸಿಕ್ಕ ದಿನ ಆ ನಲ್ಲಿಯನ್ನು ತಿರುವಿ ತಿರುವಿ ನೆರೆಯವರಿಗೆಲ್ಲ ತೋರಿಸಿದ್ದಳು. ನೆರೆಯವರ ಮನೆಯಲ್ಲೂ ಅಂಥದೇ ನಲ್ಲಿ ಇತ್ತೆನ್ನಿ! ಆದರೆ ಕ್ವಾರ್ಟರ್ಸ್ ಟೈಪಿಸ್ಟನ ಕುರ್ಚಿಗೆ ಕೊಟ್ಟದ್ದು. ಮಶೀನು ಬರುವುದಿಲ್ಲ ಎಂದರೆ ಕುರ್ಚಿ ಹೋದೀತು, ಕುರ್ಚಿ ಹೋದರೆ ನಲ್ಲಿ ಹೋದೀತು. ಬಾಷುಮಿಯಾ ಬಾಯಿ ಮುಚ್ಚಿಕೊಂಡು ಕೂತ.

ಬರವಣಿಗೆಯ ಪ್ರೋಗ್ರಾಂ ಶುರು ಮಾಡಿದ್ದೇ ತಡ, ಪರದೆ ಇಂಗ್ಲಿಷಿನಲ್ಲಿ ವಟಗುಟ್ಟತೊಡಗಿತು. ನಾನು ಇಂಥ ಪ್ರೋಗ್ರಾಂ, ಇಂಥ ದಿನ ಸಿದ್ಧವಾದವನು. ಈ ಟರ್ಮಿನಲ್ ಯಾವ ನಮೂನೆಯದೋ ನನಗೆ ತಿಳಿಯದು. ಇದಕ್ಕೆ ಮೇಲಿನ ಸಾಲಿಗೆ ಏರಲು ಬಾರದು. ಪರದೆ ಒರೆಸಲು ಬಾರದು. ಅಕ್ಷರ ದಪ್ಪ ಮಾಡಲು ಬಾರದು. ಗಂಟೆಯೊಂದು ಬಾರಿಸಬಲ್ಲದು. ಹೀಗೆ ನಲವತ್ತೆರಡು ಸಾಲು! ಕೊನೆಗೆ ಟಣ್ ಎಂದು ಗಂಟೆ ಹೊಡೆದು, ಒಂದು ಚುಕ್ಕೆ ಮಿಣಿಮಿಣಿ ಮಾಡುತ್ತ ಕಾಯುತ್ತಿತ್ತು. ಮುಂದೆ ಏನು ಒತ್ತಬೇಕೆಂಬುದನ್ನು ಮಾತ್ರ ಆ ಪುಣ್ಯಾತ್ಮ ಹೇಳುತ್ತಿರಲಿಲ್ಲ.

ಬಾಷುಮಿಯಾ ಎರಡು ತಾಸು ಚುಕ್ಕೆಯನ್ನೇ ನೋಡಿದ. ಆಮೇಲೆ ಅವನಿಗೆ ಹೊಳೆದದ್ದು ಕಚೇರಿಯ ಕಾಯಿದೆ. ಬರಹದಲ್ಲಿ ಏನೇ ಬರಲಿ, ಆವಕ ಪುಸ್ತಕದಲ್ಲಿ ನಂಬರು ಹಾಕಿ ಏರಿಸಬೇಕು. ಆ ಪುಸ್ತಕವೂ ಅವನ ಕೈಯಲ್ಲೇ ಇತ್ತು. ಬರೆದ: ಕಳುಹಿಸಿದವರು, ಟರ್ಮಿನಲ್. ವಿಷಯ, ತನ್ನ ಅಸಾಮರ್ಥ್ಯಗಳ ಕುರಿತು. ಕೆಳಗೆ ನಲವತ್ತೆರಡು ಸಾಲನ್ನೂ ಚಂದದ ಅಕ್ಷರದಲ್ಲಿ ಇಳಿಸಿದ. ಮಧ್ಯಾಹ್ನವಾಯಿತು. ಮಶೀನು ಬಂದ್ ಮಾಡಿ, ನಿಜವಾದ ಪತ್ರಗಳನ್ನು ಹಳೆಯ ಟೈಪ್‌ರೈಟರಿನಲ್ಲಿ ಹೊಡೆದು ಮುಗಿಸಿದ.

ಮರುದಿನ ಅದೇ ಮಾತು, ಬೇರೆ ನಂಬರು. ಎಂಟು ತಿಂಗಳು ಹೀಗೇ ನಡೆಯಿತು. ಜವಾನ ಅಂಬ್ರಪ್ಪ ಬಾಗಿಲಲ್ಲಿ ನಿಂತು ಬಂದವರಿಗೆ, "ಸಪ್ಪಳ ಮಾಡಬ್ಯಾಡ್ರಿ, ಒಳಗ ಕಂಪ್ಯೂಟರ್ ಕೆಲಸ ನಡದದ" ಎಂದು ಗದರಿಸುತ್ತಿದ್ದ.

ಅಷ್ಟರಲ್ಲಿ ತಪಾಸಣೆ ಬಂತು. ತಪಾಸಣೆಯ ಸಾಹೇಬರು ಆವಕ ಪುಸ್ತಕ ತಿರುವಿದವರೇ ಕೆಂಡವಾದರು.

"ಯಾರ್ರಿ ಈ ಟರ್ಮಿನಲ್? ದಿನಾ ಒಂದರಂಗ ನೂರಾ ತೊಂಬತ್ತೊಂದು ಅರ್ಜಿ ಹಾಕ್ಯಾನ, ಒಂದಕ್ಕೂ ಜವಾಬಿಲ್ಲ! ಮ್ಯಾಲ ಏರಾಕ ಆಗವಲ್ದು ಅಂತ ಬರದಾನ, ಪಾಪ. ಅವನ ಕುರ್ಚಿ ಕೆಳಗಿನ ಕೋಣ್ಯಾಗ ಹಾಕಾಕ ಏನ್ ಧಾಡಿರಿ ನಿಮಗ?"

"ಅದು ಮನುಷ್ಯಾ ಅಲ್ರಿ, ಮಶೀನ್ರಿ" ಎಂದರು ಮರಿಲಿಂಗಪ್ಪ.

ಸಾಹೇಬರು ಮಶೀನಿನ ಮುಂದಿದ್ದ ಬಾಷುಮಿಯಾನತ್ತ ತಿರುಗಿದರು. "ಚಾಲೂ ಮಾಡ್ರಿ. ನನ್ನೆದುರಿಗಿ ಒಂದು ಸಾಲು ಹೊಡ್ದು ತೋರಸ್ರಿ."

ಅಂಬ್ರಪ್ಪ ಹಿಂದಿನ ಬಾಗಿಲಿನಿಂದ ಕ್ವಾರ್ಟರ್ಸ್ ಕಡೆಗೆ ಓಡಿದ. ಇತ್ತ ಮಶೀನು ತನ್ನ ನಲವತ್ತೆರಡು ಸಾಲು ಒದರಿ ಟಣ್ ಎಂದಿತು. ಚುಕ್ಕೆ ಮಿಣಿಮಿಣಿ. ಬಾಷುಮಿಯಾನ ಕಣ್ಣ ಮುಂದೆ ಬರೀ ನಲ್ಲಿ. ಬರುವವನ ಹಾಗೆ ಏನಾದರೂ ಒತ್ತೋಣವೆಂದರೆ ಬೆರಳು ಏಳದು. ಎಂಟು ತಿಂಗಳು ಒಂದೇ ಧಾಟಿಯನ್ನು ಬರೆದು ಬರೆದು ಅದೇ ರೂಢಿಯಾಗಿತ್ತೋ ಏನೋ, ಎದ್ದು ನಿಂತು ಒದರಿಬಿಟ್ಟ.

"ನಾ ಬಾಷುಮಿಯಾರಿ. ಟೈಪಿಸ್ಟ್, ಇಪ್ಪತ್ತೆರಡು ವರ್ಷದ ನೌಕರಿ. ಟೈಪ್‌ರೈಟರ್ ಬರ್ತದ. ಇದು ಬರಂಗಿಲ್ರಿ. ಮುಂದ ಏನ್ ಒತ್ತಬೇಕು ಗೊತ್ತಿಲ್ಲ. ಒರಸಾಕ ಗೊತ್ತಿಲ್ಲ. ಎಂಟು ತಿಂಗಳಿಂದ ಇದು ಹೇಳಿದ್ದು ಬರಕೋತ ಕುಂತೀನಿ."

ಸಾಹೇಬರು ಮರಿಲಿಂಗಪ್ಪನವರನ್ನು ನೋಡಿದರು. "ನಿಮಗ ಬರ್ತದೇನ್ರಿ?"

ಮರಿಲಿಂಗಪ್ಪ ಮೂವತ್ತು ವರ್ಷದಲ್ಲಿ ಮೇಲಧಿಕಾರಿಗೆ ಒಮ್ಮೆಯೂ ಇಲ್ಲ ಎಂದವರಲ್ಲ. "ಬರ್ತದರಿ" ಎಂದರು.

"ಹಂಗಾರ ಕುಂದರ್ರಿ."

ಕೂತರು. ಒತ್ತಿದರು, ಟಣ್. ಇನ್ನೊಂದು ಒತ್ತಿದರು, ಟಣ್. ಹನ್ನೊಂದು ಸಲ ಟಣ್ ಎಂದ ಮೇಲೆ ಗುಮಾಸ್ತೆ ಸುಂದ್ರಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಹೋದಳು. ಸಾಹೇಬರು ಪೆನ್ನು ತೆಗೆದು ಅಲ್ಲೇ ಆರ್ಡರು ಬರೆದರು. ಮರಿಲಿಂಗಪ್ಪನವರಿಗೆ ಮೂರು ತಿಂಗಳು ಹೊರಗಿನ ಊರಲ್ಲಿ ತರಬೇತಿ. ಬಾಷುಮಿಯಾ ಇದ್ದ ಕುರ್ಚಿಯಲ್ಲೇ ಇರತಕ್ಕದ್ದು, ಅವರು ಬಂದ ಮೇಲೆ ಅವರಿಂದ ಕಲಿಯತಕ್ಕದ್ದು.

ಬಾಷುಮಿಯಾ ಮನೆಗೆ ಓಡೋಡಿ ಬಂದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅಂಬ್ರಪ್ಪನ ಮಾತು ಕೇಳಿದ ಖುರ್ಷೀದಬೇಗಂ, ಇನ್ನು ಈ ನಲ್ಲಿ ನಮ್ಮದಲ್ಲ ಎಂದುಕೊಂಡು ಕೊಡ, ಬಕೀಟು, ಪರಾತ, ಲೋಟ, ಮಗಳ ಊಟದ ಡಬ್ಬಿ, ಕೊನೆಗೆ ಚಹಾದ ಕಪ್ಪುಗಳನ್ನೂ ಬಿಡದೆ ನೀರು ತುಂಬಿಸಿಟ್ಟಿದ್ದಳು.

"ಬದಲಿ ಎಲ್ಲಿಗಾತು?"

"ಎಲ್ಲಿಗೂ ಇಲ್ಲ. ನನಗ ಬರಂಗಿಲ್ಲ ಅಂತ ಹೇಳಿಬಿಟ್ಟೆ."

"ಸಾಹೇಬರ ಎದುರಿಗಿ? ಬಾಯಿ ಬಿಟ್ಟು?"

"ಬಾಯಿ ಬಿಟ್ಟು."

ಖುರ್ಷೀದಬೇಗಂ ನೀರಿನ ಪಾತ್ರೆಗಳ ನಡುವೆ ಕೂತುಬಿಟ್ಟಳು. ನಕ್ಕಳು, ನಗುತ್ತ ನಗುತ್ತ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಕಪ್ಪಿನ ನೀರು ಚೆಲ್ಲಿ ಗಂಡನಿಗೆ ಚಹಾ ಹಾಕಿಕೊಟ್ಟಳು.