ಅಮ್ಮನ ಬದಲು ನಾನು ಹೇಳಿದ ‘ಇಲ್ಲ’

ಆ ಮಧ್ಯಾಹ್ನ ಕಳೆದು ಹತ್ತು ದಿನವಾಯಿತು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದಕ್ಕೇ ಇನ್ನಷ್ಟು ಬಣ್ಣ ಸೇರುವ ಮೊದಲು ಬರೆದಿಡುತ್ತಿದ್ದೇನೆ.

ಮೀನಿನ ಮುಳ್ಳು ಚುಚ್ಚಿ ಅಮ್ಮನ ಕಾಲು ಮೊಣಕಾಲಿನವರೆಗೆ ಬಾತು ಕೆಂಪಾಗಿತ್ತು. ಅವಳು ಹೊಳೆ ಮತ್ತು ಕಡಲಿನ ನಡುವಿನ ಬೆಂಗ್ರೆಯಲ್ಲಿ ಹುಟ್ಟಿ, ಆಯುಷ್ಯವೆಲ್ಲ ಮೀನು ಮಾರಿ, ಈಗ ಕಾವೂರಿನಲ್ಲಿ ನನ್ನ ಜೊತೆ ಇದ್ದಾಳೆ. ಮುಳ್ಳು ಚುಚ್ಚಿದ್ದನ್ನು ಮೂರು ದಿನ ನನಗೆ ಹೇಳಿರಲಿಲ್ಲ. ಆಸ್ಪತ್ರೆಗೆ ಸೇರಿಸುವಾಗ ಕೌಂಟರಿನಲ್ಲಿ, “ಯಾವುದಾದ್ರೂ ಮದ್ದಿಗೆ ಅಲರ್ಜಿ ಉಂಟಾ?” ಎಂದು ಕೇಳಿದರು. ನಾನು ಕಾಲೇಜಿಗೆ ಫೋನು ಮಾಡಿ ರಜೆ ಹೇಳುತ್ತಿದ್ದೆ. ತಲೆ ಎತ್ತದೆ “ಇಲ್ಲ” ಎಂದೆ.

ವಾರ್ಡಿನ ಬಾಗಿಲ ಪಕ್ಕ ಒಂದು ಪ್ರಮಾಣಪತ್ರ ತೂಗುತ್ತಿತ್ತು. ಶುಶ್ರೂಷೆಯ ಉತ್ತಮ ಗುಣಮಟ್ಟಕ್ಕಾಗಿ ಆಸ್ಪತ್ರೆಗೆ ಸಿಕ್ಕಿದ ಮಾನ್ಯತೆ. “ಇಂಥದ್ದು ಸ್ವೀಟ್ ಅಂಗಡಿಯವರಿಗೂ ಸಿಗ್ತದೆ” ಎಂದು ನಾನು ಅಮ್ಮನ ಕಿವಿಯಲ್ಲಿ ಹೇಳಿ ನಗಿಸಿದೆ.

ಮಧ್ಯಾಹ್ನ ಸಿಸ್ಟರ್ ಮತ್ತೆ ಬಂದರು. ಐವತ್ತರ ಆಸುಪಾಸಿನ, ಫೋನಿನಲ್ಲಿ ಕೊಂಕಣಿ ಮಾತಾಡುತ್ತಿದ್ದ ಹೆಂಗಸು. ಟ್ರೇಯಲ್ಲಿ ಪೆನಿಸಿಲಿನ್ ಜಾತಿಯ ಇಂಜೆಕ್ಷನ್ ತುಂಬಿಸಿಟ್ಟಿತ್ತು. ಅಮ್ಮನ ಹೆಸರು ಕೇಳಿದರು.

“ಬೆಳಿಗ್ಗೆ ಹೇಳಿದ್ದೇನಲ್ಲ, ಆಗಲೇ ಮರ್ತು ಹೋಯ್ತಾ ನಿಮಗೆ?” ಎಂದಳು ಅಮ್ಮ.

“ಹತ್ತು ಸಲ ಬಂದ್ರೆ ಹತ್ತು ಸಲ ಕೇಳ್ತೇನೆ. ಅಲರ್ಜಿ ಉಂಟಾ ಅಮ್ಮಾ?”

“ಇಲ್ಲ ಸಿಸ್ಟರ್, ಕೌಂಟರಿನಲ್ಲೇ ಹೇಳಿದ್ದೇನೆ” ಎಂದೆ ನಾನು.

“ನಿಮ್ಮನ್ನಲ್ಲ ಮೇಡಂ, ಅವರನ್ನು ಕೇಳಿದ್ದು.”

“ಅಲರ್ಜಿ ಎಲ್ಲ ಫ್ಲ್ಯಾಟಿನವರಿಗೆ” ಎಂದಳು ಅಮ್ಮ. “ನಮಗೆಂತ ಅಲರ್ಜಿ?”

ಸಿಸ್ಟರ್ ಟ್ರೇ ಕೆಳಗಿಟ್ಟು, ಮಂಚದ ಪಕ್ಕ ಕೂತು, ಅಮ್ಮನ ಮನೆಮಾತಾದ ತುಳುವಿನಲ್ಲಿ ಕೇಳಿದರು: ಯಾವುದಾದರೂ ಮದ್ದು ನಂಜಾಗಿದೆಯಾ?

ಅಮ್ಮ ಥಟ್ಟನೆ ಎದ್ದು ಕೂತಳು. ಆಗಿದೆ, ಅಂದಳು. ಹೊಳೆಯಾಚೆ ಡಾಕ್ಟರರ ಹತ್ತಿರ ಜ್ವರಕ್ಕೆ ಇಂಜೆಕ್ಷನ್ ಹಾಕಿಸಿಕೊಂಡು ದೋಣಿ ಹತ್ತಿದ್ದಳಂತೆ. ಅರ್ಧ ಹೊಳೆ ದಾಟುವಷ್ಟರಲ್ಲಿ ಮುಖ ಬಾತು, ಗಂಟಲು ಕಟ್ಟಿ, ಉಸಿರು ನಿಂತ ಹಾಗಾಯಿತಂತೆ. ದೋಣಿಯವನು ದೋಣಿ ತಿರುಗಿಸಿದನಂತೆ. ಆಮೇಲೆ ನನ್ನ ಕಡೆ ನೋಡಿದಳು.

“ಇವಳು ಆಗ ಸಣ್ಣವಳು, ನನ್ನ ಪಕ್ಕದಲ್ಲೇ ಕೂತಿದ್ದಳು. ಸೆರಗು ಹಿಡ್ಕೊಂಡು ಬೊಬ್ಬೆ ಹಾಕಿದ್ದು ಇವಳೇ.”

ಬಾತ ಆ ಮುಖ ನನಗೆ ನೆನಪಿದೆ. ಆದರೆ ನನ್ನ ನೆನಪಿನಲ್ಲಿ ಅದು ಕಣಜ ಕಚ್ಚಿ ಬಾತದ್ದು. ಮೀನು ಒಣಗಿಸುವ ಚಪ್ಪರದಡಿ ಕಣಜ ಗುಂಯ್‌ಗುಟ್ಟಿದ್ದನ್ನು ಗೆಳತಿಯರಿಗೆ ಹೇಳಿದ್ದೇನೆ, ಡೈರಿಯಲ್ಲೂ ಬರೆದಿದ್ದೇನೆ. ಆ ಸದ್ದು ಈಗಲೂ ಕೇಳುತ್ತದೆ. ಅದು ದೋಣಿಯ ಎಂಜಿನ್ನಿನದಾಗಿತ್ತೇ? ಅಮ್ಮನದೂ ನೆನಪೇ, ತಪ್ಪಿರಬಹುದು. ಆದರೆ ಟ್ರೇಯಲ್ಲಿದ್ದ ಸಿರಿಂಜನ್ನು ನೋಡುತ್ತಾ ಹಾಗೆ ವಾದಿಸಲು ನನಗೆ ಧೈರ್ಯ ಬರಲಿಲ್ಲ.

ಸಿಸ್ಟರ್ ಡಾಕ್ಟರಿಗೆ ಫೋನು ಮಾಡಿ ಮದ್ದು ಬದಲಾಯಿಸಿದರು. ಅಮ್ಮನ ಕೈಗೆ ಅಲರ್ಜಿಯ ಗುರುತಿನ ಕೆಂಪು ಪಟ್ಟಿ ಕಟ್ಟಿದರು.

“ಡಾಕ್ಟರು ಬರೆದದ್ದನ್ನು ನೀವು ನಿಲ್ಲಿಸಬಹುದಾ?” ಎಂದು ಕೇಳಿದೆ.

“ಸಂಶಯ ಬಂದ್ರೆ ನಿಲ್ಲಿಸ್ಲೇಬೇಕು. ಮೊದಲು ಹೆದರಿಕೆ ಇತ್ತು, ಪುರ್ಸೊತ್ತೂ ಇರ್ಲಿಲ್ಲ. ಆ ಸರ್ಟಿಫಿಕೇಟಿಗೆ ತಯಾರಿ ಮಾಡುವಾಗ ನಮಗೆ ಸಾಕೋ ಸಾಕಾಯ್ತು ಮೇಡಂ. ಆದ್ರೆ ಒಬ್ಬಳಿಗೆ ಇಷ್ಟೇ ಪೇಷಂಟ್ ಅಂತ ಆಯ್ತು. ಪೇಷಂಟನ್ನೇ, ಅವರ ಭಾಷೆಯಲ್ಲೇ ಕೇಳ್ಬೇಕು ಅಂತ ಆಯ್ತು. ಮನೆಯವರು ತುಂಬ ಗ್ಯಾರಂಟಿಯಲ್ಲಿ ಹೇಳ್ತಾರೆ ನೋಡಿ.”

ಕೊನೆಯ ಮಾತು ನನಗೇ ಎಂದು ಗೊತ್ತಾಯಿತು. ಅವರು ಕೌಂಟರಿನಲ್ಲಿ ತುಂಬಿದ್ದ ಫಾರಂನ ‘ಇಲ್ಲ’ದ ಮೇಲೆ ಒಂದೇ ಗೆರೆ ಎಳೆದು ಸಹಿ ಹಾಕಿದರು. ಮೊದಲು ಏನು ಬರೆದಿತ್ತು ಎಂಬುದು ಕಾಣುತ್ತಿರಬೇಕಂತೆ, ಅಳಿಸುವ ಹಾಗಿಲ್ಲವಂತೆ.

ಮುಂದಿನ ಪ್ರಶ್ನೆ ಬಿಪಿ ಮಾತ್ರೆಯದು. ದಿನಾ ಬೆಳಿಗ್ಗೆ ನಾನೇ ಅಮ್ಮನ ಅಂಗೈಗೆ ಹಾಕುವ ಮಾತ್ರೆ. ಹೆಸರು, ಪ್ರಮಾಣ ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು, “ಅವಳನ್ನೇ ಕೇಳಿ” ಎಂದೆ.

ಅಮ್ಮ ನನ್ನ ಮುಖ ತಪ್ಪಿಸಿ ಸಿಸ್ಟರ್ ಕಡೆ ಬಾಗಿದಳು.

“ಮಗಳು ದಿನಾ ಕೊಡ್ತಾಳೆ. ನಾನು ಒಂದು ದಿನ ಬಿಟ್ಟು ಒಂದು ದಿನ ತಿನ್ನುದು. ತಲೆ ತಿರುಗ್ತದೆ ಮಾರಾಯ್ತಿ.”