ಅಣ್ಣ ಕೇಳಬೇಕೆಂದಿದ್ದ ತೆಂಕಿನ ಪುಸ್ತಕ

ಮೊನ್ನೆ ಮಂಗಳೂರಿನಲ್ಲಿ ಗಲ್ಫ್ ಸಾಮಾನು ಮಾರುವ ಹೊಸ ಅಂಗಡಿಯೊಂದಕ್ಕೆ ಹೆಂಡತಿಯ ಜೊತೆ ಹೋಗಿದ್ದೆ. ಖರ್ಜೂರದ ಡಬ್ಬಗಳ ಪಕ್ಕದಲ್ಲಿ ಬುಟ್ಟಿ ತುಂಬ ಕಪ್ಪಾಗಿ ಒಣಗಿದ ನಿಂಬೆಕಾಯಿ ಇಟ್ಟಿದ್ದರು. ಕುವೈತಿನಲ್ಲಿ ಅದನ್ನು ಲೂಮಿ ಅನ್ನುತ್ತಾರೆ, ಮಾಂಸದ ಸಾರಿಗೆ ಹಾಕುತ್ತಾರೆ. ಒಂದನ್ನು ಎತ್ತಿ ಮೂಗಿಗೆ ಹಿಡಿದೆ. ಹುಳಿ, ಸ್ವಲ್ಪ ಹೊಗೆ, ಹಳೆಯ ಕಾಗದ... ಕೈಯಲ್ಲಿದ್ದುದನ್ನು ಬುಟ್ಟಿಗೆ ಹಾಕಿ ಹೊರಗೆ ಬಂದುಬಿಟ್ಟೆ.

ಆ ವಾಸನೆ ನನಗೆ ಅಡುಗೆಯದ್ದಲ್ಲ, ಪುಸ್ತಕದ್ದು. ಕುವೈತಿನ ಅಬ್ಬಾಸಿಯಾದಲ್ಲಿ ನಾವಿದ್ದ ಕಟ್ಟಡದ ಕೆಳಗೆ ಒಬ್ಬ ಬ್ಯಾರಿ ಕಾಕನ ದಿನಸಿ ಅಂಗಡಿ ಇತ್ತು. ಲೂಮಿ ಬರುತ್ತಿದ್ದ ರಟ್ಟಿನ ಪೆಟ್ಟಿಗೆ ಖಾಲಿಯಾದರೆ ಕಾಕ ಅದನ್ನು ನನ್ನ ಅಣ್ಣನಿಗೆ ಎತ್ತಿಡುತ್ತಿದ್ದರು. ಅಣ್ಣ ಅದರಲ್ಲಿ ಕನ್ನಡ ಪುಸ್ತಕ ತುಂಬಿ ಮಂಚದ ಕೆಳಗೆ ತಳ್ಳುತ್ತಿದ್ದ. ರಜೆಗೆ ಊರಿಗೆ ಹೋದವರೆಲ್ಲ ಅವನಿಗೊಂದು ಪುಸ್ತಕ ತರಬೇಕು, ಅದು ಅವನ ಹಟ. ಹಲ್ವ ತರುವುದನ್ನು ಮರೆತವರನ್ನು ಕ್ಷಮಿಸುತ್ತಿದ್ದ, ಪುಸ್ತಕ ಮರೆತವರನ್ನು ವಾರಗಟ್ಟಲೆ ಕಾಡುತ್ತಿದ್ದ.

ಅಣ್ಣ ಅರ್ದಿಯಾದ ಒಂದು ಗೋದಾಮಿನಲ್ಲಿ ಸ್ಟೋರ್ ಕ್ಲಾರ್ಕ್ ಆಗಿದ್ದ. ಪಿಯುಸಿ ಓದಿದವನು. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಡಿಸಿದವರು ಯಾರೂ ಇಲ್ಲ, ನಾನೇ ಹೋಗಲಿಲ್ಲ. ನನ್ನನ್ನು ಕುವೈತಿಗೆ ಕರೆಸಿ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಹಾಕಿದವನು ಅಣ್ಣ. ಇರಾಕಿನ ಯುದ್ಧ ಮುಗಿದು, ಕಿಟಕಿ ಗಾಜಿಗೆ ಅಂಟಿಸಿದ ಟೇಪು ಇನ್ನೂ ಪೂರ್ತಿ ಎದ್ದಿರದ ಕಾಲ ಅದು.

ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಅದೇ ಕಟ್ಟಡದ ಮೂರನೆಯ ಮಾಳಿಗೆಯ ದೊಡ್ಡ ಕೋಣೆಯಲ್ಲಿ ಏಳೆಂಟು ಜನ ಸೇರುತ್ತಿದ್ದರು. ಕಾಕ ಅಂಗಡಿಯ ಶಟರ್ ಅರ್ಧ ಎಳೆದು ಬರುತ್ತಿದ್ದರು. ಹೋಟೆಲಿನ ಅಡುಗೆ ಭಟ್ರು ಕುಂದಾಪುರದ ಕಡೆಯವರು, ಸೌಟಿನ ಕೈ ಒರೆಸುತ್ತಾ ಬರುತ್ತಿದ್ದರು. ಉಳಿದವರು ಡ್ರೈವರುಗಳು, ಗೋದಾಮಿನ ಹುಡುಗರು. ಒಬ್ಬೊಬ್ಬರ ಮನೆಮಾತು ಒಂದೊಂದು. ಹೆಚ್ಚಿನವರಿಗೆ ಕನ್ನಡ ಅರ್ಥವಾಗುತ್ತಿತ್ತು, ಪುಸ್ತಕ ಓದುವಷ್ಟು ತಾಳ್ಮೆ ಇರಲಿಲ್ಲ. ಅಣ್ಣ ಗಟ್ಟಿಯಾಗಿ ಓದುತ್ತಿದ್ದ. ನಾವು ಬಟಾಟೆ ಸಿಪ್ಪೆ ಸುಲಿಯುತ್ತಾ, ಅಕ್ಕಿ ಆರಿಸುತ್ತಾ ಕೇಳುತ್ತಿದ್ದೆವು.

ಪುಸ್ತಕ ಆರಿಸುವುದಕ್ಕೆ ಒಂದು ಕ್ರಮ ಇತ್ತು. ಅದನ್ನು ಮಾಡಿದವನೂ ಅಣ್ಣನೇ. ಮೊದಮೊದಲು ಅವನು ರಾಜರ ಕಾಲದ ಒಂದು ದಪ್ಪ ಕಾದಂಬರಿಯನ್ನು ತಿಂಗಳುಗಟ್ಟಲೆ ಓದಿದ್ದ. ಮುಗಿದ ಮೇಲೆ ತಿಳಿಯಿತು, ಯಾರಿಗೂ ಅದು ಹಿಡಿಸಿರಲಿಲ್ಲ.

"ಮತ್ತೆ ಹೇಳ್ಲಿಲ್ಲ ಯಾಕೆ ಮಾರ್ರೆ?" ಎಂದು ಕೇಳಿದ.

"ಹೇಂಗ್ ಹೇಳೂದ್? ನೀವ್ ಅಷ್ಟ್ ಗಂಟ್ಲ್ ಹರ್ಕಂಬುದ್ ಕಂಡ್ರೆ ಪಾಪ ಅನ್ಸ್ತಿತ್ತ್," ಎಂದರು ಭಟ್ರು.

"ನೀವು ಎಲ್ಲಿ ಕಂಡದ್ದು? ಗೊರಕೆ ಹೊಡೀತಿದ್ರಿ," ಎಂದರು ಕಾಕ.

ಅಂದಿನಿಂದ ಕ್ರಮ ಹೀಗಾಯಿತು. ಪುಸ್ತಕ ತಂದವನು ಹೆಸರು ಹೇಳಬೇಕು, ಅದರಿಂದ ಒಂದು ಪುಟ ಓದಿಸಬೇಕು. ಆಮೇಲೆ ಅವನು ಕೋಣೆಯಿಂದ ಹೊರಗೆ ಹೋಗಿ ಮೆಟ್ಟಿಲ ಬಳಿ ನಿಲ್ಲಬೇಕು. ಅವನ ಮುಖ ನೋಡಿ ಯಾರೂ ದಾಕ್ಷಿಣ್ಯಕ್ಕೆ ಬೀಳಬಾರದು ಎಂದು. ಒಳಗಿದ್ದವರು ಮಾತಿಲ್ಲದೆ ಕೈ ಎತ್ತುತ್ತಾರೆ. ಒಬ್ಬರು ಹೋಗಿ ಅವನಿಗೆ ಆಯಿತು, ಇಲ್ಲ, ಇಷ್ಟನ್ನೇ ಹೇಳುತ್ತಾರೆ. ಯಾರು ಎತ್ತಿದರು, ಯಾರು ಎತ್ತಲಿಲ್ಲ ಎಂದು ಆಮೇಲೆ ಮಾತೆತ್ತುವ ಹಾಗಿಲ್ಲ. ಎಲ್ಲರೂ ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದರೆಂದರೆ... ಪಾಲಿಸದೆ ಇದ್ದಿದ್ದರೆ ಚೆನ್ನಾಗಿತ್ತು.

ಅಣ್ಣನಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಕಣ್ಣಿಗೆ ಇಳಿಯಿತು. ಮೊದಲು ಪೆಟ್ಟಿಗೆಗಳ ಮೇಲಿನ ಸಣ್ಣ ಅಕ್ಷರ ಹೋಯಿತು, ಆಮೇಲೆ ದೊಡ್ಡದು. ಆಸ್ಪತ್ರೆಯಲ್ಲಿ ಲೇಸರ್ ಹಾಕಿದರು. ಒಳಗೆ ರಕ್ತನಾಳ ಒಡೆದಿದೆ, ಇನ್ನು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಅಕ್ಷರ ಕಾಣದ ಕ್ಲಾರ್ಕನನ್ನು ಯಾವ ಕಂಪೆನಿ ಇಟ್ಟುಕೊಳ್ಳುತ್ತದೆ? ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿಯುವವರೆಗೆ ಇರು, ಆಮೇಲೆ ಖಲಾಸ್ ಎಂದು ಮ್ಯಾನೇಜರ್ ಹೇಳಿದ.

ಹೋಗುವ ಮೊದಲು ಅಣ್ಣನಿಗೆ ಒಂದೇ ಆಸೆ ಇತ್ತು. ತೆಂಕಿನ ಪುಸ್ತಕವೊಂದನ್ನು ಈ ಕೋಣೆಯಲ್ಲಿ, ಇದೇ ಜನರ ನಡುವೆ ಕೂತು ಕೇಳಬೇಕು. ನಮ್ಮೂರು ಮಂಗಳೂರಿನಿಂದಲೂ ತೆಂಕಿಗೆ, ಅಂದರೆ ದಕ್ಷಿಣಕ್ಕೆ, ಎರಡು ಹೊಳೆ ದಾಟಿ. ಅಲ್ಲಿಯವರ ಮೇಲೆ ಯಾರೋ ಬರೆದ ಕಾದಂಬರಿ ಅವನ ಪೆಟ್ಟಿಗೆಯಲ್ಲಿತ್ತು. ಹೊಳೆಗಿಳಿದು ಮರುವಾಯಿ ಹೆಕ್ಕುವ ಹೆಂಗಸರು, ಅದರ ಚಿಪ್ಪು ಸುಟ್ಟು ಸುಣ್ಣ ಮಾಡುವ ಗಂಡಸರು, ಅಂಥವರ ಕಥೆ. ಅಷ್ಟು ವರ್ಷ ಅವನು ಬೆಂಗಳೂರು, ಧಾರವಾಡದ ಕಡೆಯ ಪುಸ್ತಕಗಳನ್ನೇ ಓದಿದ್ದ. ನಮ್ಮದನ್ನು ನಾವೇ ಮುಂದಿಟ್ಟರೆ ಚಂದವಲ್ಲ ಎಂಬ ಸಂಕೋಚ.

ಓದುವುದು ನಾನು ಎಂದು ಅವನೇ ನಿಶ್ಚಯಿಸಿದ್ದ.

"ಭಟ್ರಿಗೆ ಓದ್ಲಿಕ್ಕೆ ಬರ್ತದಲ್ಲ," ಎಂದೆ.

"ಭಟ್ರು ಬಡಗಿನವರು. ಇದರಲ್ಲಿ ಹೆಂಗಸರು ಮಾತಾಡುವುದು ನಮ್ಮ ಅಮ್ಮನ ಹಾಗೆ. ನಿನ್ನ ಬಾಯಲ್ಲೇ ಆಗಬೇಕು," ಎಂದ. ಆಮೇಲೆ ತುಳುವಿನಲ್ಲಿ, "ಪೋಡಿಗೆ ದಾಯೆಗ್?" ಎಂದ. ಹೆದರಿಕೆ ಯಾಕೆ ಎಂದು.

ಹೆದರಿಕೆಯೇ ಆಗಿತ್ತು. ನಾನು ಅಂಗಡಿ ಬೋರ್ಡು ಓದುತ್ತಿದ್ದೆ, ಬಸ್ಸಿನ ಹೆಸರು ಓದುತ್ತಿದ್ದೆ. ಸಾಲುಗಟ್ಟಲೆ ಓದಿದವನಲ್ಲ. ಆ ವಾರವೆಲ್ಲ ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತು ಆ ಒಂದು ಪುಟವನ್ನು ಬಾಯಲ್ಲೇ ಉರು ಹಾಕಿದೆ.

ಶುಕ್ರವಾರ ಬಂತು. ಅಣ್ಣ ಶುಭ್ರವಾದ ಅಂಗಿ ಹಾಕಿ ಗೋಡೆಗೆ ಒರಗಿ ಕೂತಿದ್ದ. ತೆಂಕಿನ ಪುಸ್ತಕ ಎಂದ ಕೂಡಲೇ ಭಟ್ರು ಶುರು ಮಾಡಿದರು. "ಹ್ವಾಯ್, ತೆಂಕಂದ್ರೆ ಬರೀ ಕುಣ್ತ. ಕಥಿ ಬೇಕಾರೆ ಬಡಗಿಗ್ ಬನ್ನಿ." ಯಕ್ಷಗಾನದ ತೆಂಕುತಿಟ್ಟು ಬಡಗುತಿಟ್ಟಿನ ಜಗಳವನ್ನು ಪುಸ್ತಕಕ್ಕೂ ತಂದರಲ್ಲ ಎಂದು ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಾನು ಪುಸ್ತಕ ಬಿಡಿಸಿದೆ.

ಮೊದಲ ಸಾಲು ಸರಿಯಾಗಿ ಬಂತು. ಎರಡನೆಯದರಲ್ಲಿ ಒಂದು ಒತ್ತಕ್ಷರಕ್ಕೆ ನಿಂತೆ. ಮತ್ತೆ ಹಿಂದಿನಿಂದ ಹಿಡಿದೆ, ಮತ್ತೆ ನಿಂತೆ. ಉರು ಹಾಕಿದ್ದು ಒಂದೂ ನೆನಪಿಗೆ ಬರಲಿಲ್ಲ. ಬೆವರು ಪುಟದ ಮೇಲೆ ಬಿತ್ತು.

"ಗಾಡಿ ಸ್ಟಾರ್ಟ್ ಆತಿಲ್ಲ, ಯಾರಾರೂ ದೂಡಿ ಮಾರ್ರೆ," ಎಂದರು ಭಟ್ರು.

ಕೋಣೆಗೆ ಕೋಣೆಯೇ ನಕ್ಕಿತು. ಕೆಟ್ಟ ನಗು ಅಲ್ಲ ಅದು. ಈಗ ಗೊತ್ತಾಗುತ್ತದೆ. "ಸುಮ್ನಿರಿ ಭಟ್ರೇ. ನೀನು ಓದು ತಮ್ಮ, ನಮಗೆ ಎಂತ ಅರ್ಜೆಂಟಿಲ್ಲ," ಎಂದರು ಕಾಕ. ನಾನು ಹೇಗೋ ಪುಟದ ಕೊನೆಗೆ ಬಂದೆ. ಕಿವಿ ಸುಡುತ್ತಿತ್ತು. ಇಡೀ ಪುಸ್ತಕ ಹೀಗೆ, ವಾರ ವಾರ, ಇವರೆಲ್ಲರ ಮುಂದೆ... ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಅಣ್ಣ ಗೋಡೆ ಸವರಿಕೊಂಡು ಹೊರಗೆ ಹೋದ.

ಭಟ್ರು ಮೊದಲು ಕೈ ಎತ್ತಿದರು. ಕಾಕ ಎತ್ತಿದರು. ಡ್ರೈವರುಗಳು, ಹುಡುಗರು, ಎಲ್ಲರೂ ಎತ್ತಿದರು. ಕೈ ಎತ್ತದವನು ನಾನೊಬ್ಬನೇ. "ಹೋಗಿ ಹೇಳು ತಮ್ಮ, ಖುಷಿ ಆಗ್ಲಿ ಅವನಿಗೆ," ಎಂದು ಕಾಕ ನನ್ನ ಬೆನ್ನು ತಟ್ಟಿದರು.

ಅಣ್ಣ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದ. ಹೆಜ್ಜೆ ಸದ್ದಿಗೆ ತಿರುಗಿದ.

"ಎಂತ ಆಯ್ತು?"

"ಬೇಡಂತೆ," ಎಂದೆ.

ಅವನು ಕಂಬಿಯನ್ನು ಬಿಟ್ಟು ಮತ್ತೆ ಹಿಡಿದ. ಆಮೇಲೆ, ತಾನೇ ಮಾಡಿದ ಕ್ರಮವನ್ನು ತಾನೇ ಮುರಿದು ಕೇಳಿದ. "ಕಾಕ?"

ಆಗಲೂ ಸಮಯವಿತ್ತು.

"ಕಾಕನೂ ಎತ್ತಲಿಲ್ಲ," ಎಂದೆ.

"ಹೌದಾ... ಆಯ್ತು. ನಾನು ಸ್ವಲ್ಪ ಮಲಗ್ತೇನೆ," ಎಂದು ಒಂದೊಂದೇ ಮೆಟ್ಟಿಲು ಕಾಲಲ್ಲಿ ತಡವುತ್ತಾ ನಮ್ಮ ಕೋಣೆಗೆ ಇಳಿದುಹೋದ. ಕೈ ಹಿಡಿಯಲು ನಾನು ಹೋಗಲಿಲ್ಲ. ಒಳಗೆ ಬಂದು ಎಲ್ಲರಿಗೂ ಹೇಳಿದೆ: "ಅಣ್ಣನಿಗೇ ಬೇಡವಂತೆ. ಮನಸ್ಸಿಲ್ಲಂತೆ ಈಗ." ಕೈ ಎತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟೇ. ಆ ವಿಷಯ ಮಾತಾಡಬಾರದು ಎಂಬ ಕ್ರಮ ಇತ್ತಲ್ಲ.

ಅಣ್ಣ ಮತ್ತೆ ಆ ಕೋಣೆಗೆ ಹತ್ತಲಿಲ್ಲ. ಕಣ್ಣು ನೋಯುತ್ತದೆ ಅನ್ನುತ್ತಿದ್ದ. ಕಾಕ ಎರಡು ಸಲ ನೋಡಲು ಬಂದರು. ಅಣ್ಣ "ಬನ್ನಿ ಕಾಕ, ಕೂತ್ಕೊಳ್ಳಿ" ಎಂದು ಮರ್ಯಾದೆಯಿಂದ ಮಾತಾಡಿದ, ದೂರದ ನೆಂಟರ ಹತ್ತಿರ ಮಾತಾಡಿದ ಹಾಗೆ. ಕಾಕ ಅಂಗಡಿಯಲ್ಲಿ ನನ್ನನ್ನು ಕೇಳಿದರು, "ಎಂತ, ನಿನ್ನ ಅಣ್ಣನಿಗೆ ನಮ್ಮ ಸಹವಾಸ ಸಾಕಾಯ್ತಾ?" ಮಂಡೆ ಸರಿ ಇಲ್ಲ ಅವನದ್ದು, ಬಿಡಿ ಎಂದೆ. ಅಣ್ಣ ಊರಿಗೆ ಹೊರಟ ದಿನ ಕಾಕ ಶಟರ್ ತೆಗೆದು ವ್ಯಾಪಾರ ಮಾಡುತ್ತಾ ಇದ್ದರು. ಅಣ್ಣ ಅವರ ಅಂಗಡಿಯ ಮುಂದೆಯೇ ಟ್ಯಾಕ್ಸಿ ಹತ್ತಿದ. ಇಬ್ಬರೂ ಮಾತಾಡಲಿಲ್ಲ. ನಾನು ಡಿಕ್ಕಿಗೆ ಸೂಟ್‌ಕೇಸ್ ಹಾಕುತ್ತಿದ್ದೆ.

ಶುಕ್ರವಾರದ ಓದು ತಾನಾಗಿ ನಿಂತಿತು. ಭಟ್ರು ಫಿಂಟಾಸಿನ ಹೋಟೆಲಿಗೆ ಹೋದರು. ಅಣ್ಣ ಊರಲ್ಲಿ ಪೂರ್ತಿ ಕುರುಡನಾಗಿ ಕೆಲವು ವರ್ಷ ಬದುಕಿದ. ಕೊನೆಗೆ ಕಿಡ್ನಿಯೂ ಹೋಯಿತು. ಫೋನಿನಲ್ಲಿ ಲಾಂಡ್ರಿಯ ಬಗ್ಗೆ ಕೇಳುತ್ತಿದ್ದ, ಸೆಕೆಯ ಬಗ್ಗೆ ಕೇಳುತ್ತಿದ್ದ. ಕಾಕನ ಹೆಸರು ಒಮ್ಮೆಯೂ ಎತ್ತಲಿಲ್ಲ. ಪ್ರತಿ ಸಲ ಫೋನ್ ಇಡುವಾಗ ಈ ಸಲ ಹೇಳಬೇಕಿತ್ತು ಅಂದುಕೊಳ್ಳುತ್ತಿದ್ದೆ...

ಅವನ ಉತ್ತರಕ್ರಿಯೆಗೆ ಊರಿಗೆ ಬಂದಿದ್ದಾಗ ಅತ್ತಿಗೆ ಒಂದು ಮಾತು ಹೇಳಿದರು. ಕುವೈತಿನ ಶುಕ್ರವಾರಗಳ ಬಗ್ಗೆ ಮಕ್ಕಳು ಕೇಳಿದರೆ ಅಣ್ಣ ನಗುತ್ತಿದ್ದನಂತೆ. "ಪಾಪ, ಅವರೆಲ್ಲ ದಾಕ್ಷಿಣ್ಯಕ್ಕೆ ಕೂತು ಕೇಳ್ತಿದ್ರು. ನನಗೇ ಗೊತ್ತಾಗ್ಲಿಲ್ಲ ಅಷ್ಟು ವರ್ಷ" ಎನ್ನುತ್ತಿದ್ದನಂತೆ. ಅತ್ತಿಗೆ ಅದನ್ನು ತಮಾಷೆಯ ಮಾತು ಎಂದೇ ಹೇಳಿದ್ದರು. ನಾನು ಎದ್ದು ಬಾವಿಕಟ್ಟೆಗೆ ಹೋದೆ. ಒಂದು ಪುಸ್ತಕ ತಪ್ಪಿಸಿದೆ ಎಂದು ನಾನು ತಿಳಿದಿದ್ದೆ. ಅವನು ಓದಿದ್ದ ಅಷ್ಟೂ ಪುಸ್ತಕಗಳನ್ನು, ಅವುಗಳನ್ನು ಕೇಳಿದ್ದ ಜನರನ್ನು ನಾನು ಅವನಿಂದ ಕಿತ್ತುಕೊಂಡಿದ್ದೆ.

ಈಗ ನಾನೂ ಊರಿಗೆ ಬಂದಾಗಿದೆ. ಕಾಕ ಉಳ್ಳಾಲದಲ್ಲಿ ಮಗನ ಮನೆಯಲ್ಲಿದ್ದಾರೆ, ತುಂಬ ವಯಸ್ಸಾಗಿದೆ. ಅಂಗಡಿಯಿಂದ ಹಾಗೆ ಹೊರಗೆ ಬಂದ ಮರುದಿನ ಅವರನ್ನು ನೋಡಲು ಹೋದೆ. ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಕೂಡಲೇ ಗುರುತು ಹಿಡಿದರು.

"ನಿನ್ನ ಅಣ್ಣ ನನ್ನ ಹತ್ರ ಯಾಕೆ ಮಾತು ಬಿಟ್ಟ ತಮ್ಮ? ಹೇಳದೆ ಹೋದನಲ್ಲ," ಎಂದರು, ನಿನ್ನೆ ನಡೆದದ್ದರ ಹಾಗೆ.

ಹೇಳಿದೆ. ಎಲ್ಲವನ್ನೂ, ಕಾಕನೂ ಎತ್ತಲಿಲ್ಲ ಎಂದದ್ದನ್ನೂ ಹೇಳಿದೆ.

ಅವರು ನನ್ನನ್ನು ನೋಡುತ್ತಾ ಇದ್ದರು. "ನನ್ನ ಹೆಸರು ಹೇಳಿಯೇ ಕೇಳಿದ್ನಾ?" ಎಂದರು.

"ಹೌದು ಕಾಕ. ನಿಮ್ಮ ಹೆಸರು ಮಾತ್ರ."

"ಯಾ ಅಲ್ಲಾಹ್," ಎಂದು ಕಣ್ಣು ಮುಚ್ಚಿದರು. ಮಸೀದಿಯಲ್ಲಿ ಸಂಜೆಯ ಅಸರ್ ನಮಾಜಿನ ಬಾಂಗ್ ಕೂಗಿತು. ಸೊಸೆ ಬಂದು ಅವರನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಕಾಕ ನನಗೆ ಕೂರು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಮಾಜು ಮುಗಿದು ಎಷ್ಟೋ ಹೊತ್ತಾಗಿರಬೇಕು. ಬಾಗಿಲ ಪರದೆ ಸರಿಯಲಿಲ್ಲ. ನಾನು ಚಪ್ಪಲಿ ಹಾಕಿಕೊಂಡು ರಸ್ತೆಗೆ ಇಳಿದೆ.